ಡಾಕ್ಟರ ಹೆಸರನ್ನು ಕೂಗಿದ್ದು

ನಮ್ಮ ಕಡೆ ‘ಹ’ ಎನ್ನುವ ಅಕ್ಷರಕ್ಕೆ ಮರ್ಯಾದೆ ಕಡಿಮೆ. ಹಾಲು ನಮಗೆ ಆಲು, ಹಸು ಅಸು, ಹೋಗುವುದು ಓಗುವುದು. ಶಾಲೆಯಲ್ಲಿ ಮೇಷ್ಟರು ಬೆತ್ತ ಹಿಡಿದು ನಿಂತಾಗ ಮಾತ್ರ ಆ ಅಕ್ಷರ ಬಾಯಿಗೆ ಬರುತ್ತಿತ್ತು, ಹೊಸ್ತಿಲು ದಾಟಿದೊಡನೆ ಉದುರಿಹೋಗುತ್ತಿತ್ತು. ನಾನು ಗುಂಡ್ಲುಪೇಟೆಯಲ್ಲಿ ಮಿಡ್ಲ್ ಸ್ಕೂಲು ಮುಗಿಸಿದವಳು. ಮನೆಯಲ್ಲಿ ಯಾರಾದರೂ ‘ಎಸರು’ ಅಂದರೆ ‘ಹೆಸರು’ ಎಂದು ತಿದ್ದುವ ಜಂಬ ನನಗಿತ್ತು. ಅದಕ್ಕೆ ಅವ್ವ, “ನೀನ್ ಓದಿರೋದ ನಿನ್ ಗಂಡನ್ ಮನಗ ಎತ್ಕಂಡೋಗು ಕಣಮ್ಮಿ, ಇಲ್ಲಿ ಸುಮ್ನ ರಾಗಿ ಬೀಸು” ಅನ್ನುತ್ತಿದ್ದಳು. ನನ್ನ ಮದುವೆಯ ಮಾತು ಮನೆಯಲ್ಲಿ ಆಗಲೇ ಶುರುವಾಗಿತ್ತು.

ಅಕ್ಷರದ ಮಾತು ಯಾಕೆ ಎತ್ತಿದೆ ಅಂದರೆ, ಐವತ್ತರ ದಶಕದಲ್ಲಿ ನಮ್ಮ ಭೀಮನಬೀಡಿಗೆ ಬಂದು ಹೋಗುತ್ತಿದ್ದ ಒಬ್ಬ ಡಾಕ್ಟರ ಹೆಸರು ಈ ‘ಹ’ಕಾರದ ದೊಡ್ಡಣ್ಣನಂಥ ಒಂದು ಸದ್ದಿನಿಂದ ಶುರುವಾಗುತ್ತಿತ್ತು. ಅವರು ಸ್ಪೇನ್ ದೇಶದವರು. ಅಲ್ಲಿ ಅಣ್ಣತಮ್ಮಂದಿರೇ ಎರಡು ಪಕ್ಷವಾಗಿ ಒಬ್ಬರನ್ನೊಬ್ಬರು ಕೊಂದುಕೊಂಡ ಯುದ್ಧವೊಂದು ಆಗಿತ್ತಂತೆ. ಸೋತ ಪಕ್ಷದವರಾದ ಇವರು ಊರು ಬಿಟ್ಟು, ಎಲ್ಲೆಲ್ಲೋ ಸುತ್ತಿ, ಕೊನೆಗೆ ಚಾಮರಾಜನಗರದಲ್ಲಿ ಒಂದು ಸಣ್ಣ ದವಾಖಾನೆ ಇಟ್ಟುಕೊಂಡಿದ್ದರು. ಸಂತೆಯ ದಿನ ಜೀಪಿನಲ್ಲಿ ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಬಂದು, ಅಲ್ಲಿಂದ ಸುತ್ತಲ ಹಳ್ಳಿಗಳಿಗೆ ಹೋಗುತ್ತಿದ್ದರು. ಆಗ ಚಳಿಜ್ವರದ ಕಾಲ. ಮಲೇರಿಯಾದವರು ಬಂದು ಗೋಡೆಗಳಿಗೆ ಡಿಡಿಟಿ ಹೊಡೆದು ಬಿಳಿಯ ಕಲೆ ಮಾಡಿ ಹೋಗಿದ್ದರೂ ಮನೆಗೊಬ್ಬರಾದರೂ ಕಂಬಳಿ ಹೊದ್ದು ನಡುಗುತ್ತ ಮಲಗಿರುತ್ತಿದ್ದರು.

ಆ ಹೆಸರನ್ನು ನಾನು ಬಾಯಿ ಬಿಟ್ಟು ಹೇಳಿ ಎಷ್ಟೋ ವರ್ಷವಾಯಿತು, ಬರೆಯುವುದಕ್ಕೂ ಕೈ ಬರುವುದಿಲ್ಲ. ಸದ್ದುಗಳನ್ನಷ್ಟೇ ಹೇಳುತ್ತೇನೆ. ದವಾಖಾನೆಯ ಬೋರ್ಡಿನಲ್ಲಿ ಅದು ಇಂಗ್ಲಿಷಿನ ‘ಜೆ’ಯಿಂದ ಶುರುವಾಗಿ ‘ಝಡ್’ನಲ್ಲಿ ಮುಗಿಯುತ್ತಿತ್ತು. ಆದ್ದರಿಂದ ಚಾಮರಾಜನಗರದ ಓದು ಬರಹದವರೆಲ್ಲ ‘ಜ’ ಹಚ್ಚಿ ಹೇಳುತ್ತಿದ್ದರು. ಸತ್ಯಮಂಗಲದ ಘಾಟಿ ಹತ್ತಿ ಬರುವ ತಮಿಳರು ಆ ‘ಜ’ವನ್ನು ಇನ್ನೂ ತೆಳ್ಳಗೆ ಮಾಡಿ ‘ಚ’ ಅನ್ನುತ್ತಿದ್ದರು. ಡಾಕ್ಟರ ಜೊತೆ ಬರುತ್ತಿದ್ದ ಮಲಯಾಳಿ ನರ್ಸಮ್ಮ ಮೆತ್ತಗಿನ ‘ಹ’ದಿಂದ ಶುರು ಮಾಡಿ ‘ಸ್’ ಎಂದು ಮುಗಿಸುತ್ತಿದ್ದಳು. ನಮ್ಮೂರಿನವರ ಬಾಯಿಗೆ ಮಾತ್ರ ಮೊದಲಿನ ಸದ್ದು ಸಿಗಲೇ ಇಲ್ಲ. ಅದನ್ನು ಪೂರ್ತಿ ನುಂಗಿ, ಮಿಕ್ಕಿದ್ದಕ್ಕೆ ಒಂದು ‘ಅಪ್ಪ’ ಅಂಟಿಸಿ, ಆ ಎತ್ತರದ ಕೆಂಪು ಮನುಷ್ಯನನ್ನು ನಮ್ಮವನೇ ಮಾಡಿಕೊಂಡುಬಿಟ್ಟರು.

ಒಂದು ದಿನ ಡಾಕ್ಟರು ನಮ್ಮ ಜಗುಲಿಯ ಮೇಲೆ ಕೂತು ಹಾಲಿಲ್ಲದ ಕಾಫಿ ಕುಡಿಯುತ್ತಿದ್ದರು. ನನ್ನ ಜಂಬ ಸುಮ್ಮನಿರಬೇಕಲ್ಲ. “ನಮ್ಮವರು ನಿಮ್ಮ ಹೆಸರು ಕೆಡಿಸ್ತಾರೆ, ಸರಿಯಾಗಿ ಹೇಳಿಕೊಡಿ” ಅಂದೆ. ಅವರು ಕಾಫಿಯ ಲೋಟ ಕೆಳಗಿಟ್ಟು ನಕ್ಕರು. ಅವರ ಕನ್ನಡ ನಿಧಾನ, ಆದರೆ ಅದರಲ್ಲಿ ನಮ್ಮೂರಿನ ಮಾತೆಲ್ಲ ಇತ್ತು. “ಯಾವ್ ಸರಿ ಬೇಕು? ನಮ್ಮ ದೇಶದಲ್ಲೇ ಬೇರೆ ಬೇರೆ ಅದೆ” ಅಂದರು. ಅವರು ಓದಿದ ದೊಡ್ಡ ಪಟ್ಟಣದಲ್ಲಿ ಮೊದಲ ಸದ್ದು ಗಂಟಲಿನ ತಳದಿಂದ, ಕಫ ಕೆರೆದಂತೆ ಬರಬೇಕು. ಕೊನೆಯದಕ್ಕೆ ನಾಲಗೆಯ ತುದಿಯನ್ನು ಹಲ್ಲಿನ ನಡುವೆ ಇಟ್ಟು ಗಾಳಿ ಬಿಡಬೇಕು. ಅವರು ಹುಟ್ಟಿದ ದಕ್ಷಿಣದ ಸೀಮೆಯಲ್ಲಿ ಮೊದಲಿನದು ಬರೀ ಉಸಿರು, ಕೊನೆಯದನ್ನು ಹೇಳುವುದೇ ಇಲ್ಲ. ಕಡಲು ದಾಟಿ ಅಮೆರಿಕದ ತೆಂಕಣ ದೇಶಗಳಿಗೆ ಹೋಗಿ ನೆಲೆಸಿದವರ ಬಾಯಲ್ಲಿ ಕೊನೆಯದು ‘ಸ’ ಆಗುತ್ತದೆ. “ಅವ್ವ ಉಸಿರಲ್ಲಿ ಅಂತಿದ್ಳು. ಕಡಲು ದಾಟಿ ಹೋಗಿ ಬಂದ ಮಾವ ‘ಸ’ ಹಾಕಿ ಅಂತಿದ್ದ. ಮೇಷ್ಟ್ರು ನಾಲ್ಗೆ ಕಚ್ಚಿಸಿ ಕಲಿಸಿದ್ರು. ನಿಮ್ಮೂರೋರು ತಲೆ ತಿಂತಾರೆ, ನಮ್ಮೂರೋರು ಬಾಲ ತಿಂತಾರೆ” ಅಂದರು.

ಅವರ ಅವ್ವ, ಅವರ ಮಾವ ಹೀಗೆ ಹೀಗೆ ಅನ್ನುತ್ತಿದ್ದರು ಅಂದರೆ ಮಗನನ್ನು ಹಾಗೆ ಕರೆಯುತ್ತಿದ್ದರು ಅಂತಲೇ ನಾವು ತಿಳಿದೆವು. ಬೇರೆ ಹೇಗೆ ತಿಳಿಯಬೇಕು? ನಮ್ಮಲ್ಲಿ ಒಬ್ಬ ಮನುಷ್ಯ ತನ್ನ ಹೆಸರು ಅಂತ ಹೇಳಿಕೊಳ್ಳುವುದು ಅವನ ಸ್ವಂತ ಹೆಸರನ್ನು. ಮನೆತನದ ಹೆಸರು ಬೇರೆಯೇ ಇರುತ್ತದೆ, ಅದನ್ನು ಯಾರೂ ಬೋರ್ಡಿನ ಮೇಲೆ ಬರೆಸುವುದಿಲ್ಲ. ಸಂಬಂಧ ಕೂಡಿಸುವಾಗ ಒಂದು ಸಲ ಅದು ಹೊರಗೆ ಬರುತ್ತದೆ, ಅಷ್ಟೇ.

ಡಾಕ್ಟರಿಗೂ ನಮ್ಮ ಮನೆಗೂ ನಂಟು ಬೆಳೆದದ್ದು ನನ್ನ ತಂಗಿಯ ದೆಸೆಯಿಂದ. ನನ್ನ ಬೆನ್ನಿಗೆ ಹುಟ್ಟಿದ ಎರಡು ಕೂಸುಗಳು ಚಳಿಜ್ವರಕ್ಕೆ ಹೋಗಿದ್ದವು. ಬಹಳ ವರ್ಷ ಬಿಟ್ಟು ಹುಟ್ಟಿದ ಈ ತಂಗಿಗೂ ಜ್ವರ ಬಂದಾಗ ಅವ್ವ ಅಳಲೂ ಇಲ್ಲ, ಕೂಸನ್ನು ಮಡಿಲಲ್ಲಿಟ್ಟುಕೊಂಡು ಗೋಡೆ ನೋಡುತ್ತ ಕೂತುಬಿಟ್ಟಿದ್ದಳು. ಡಾಕ್ಟರು ಬಂದು ಅವಳ ಕೈಯಿಂದ ಕೂಸನ್ನು ಬಿಡಿಸಿಕೊಳ್ಳಬೇಕಾಯಿತು. ಸೂಜಿ ಹಾಕಿದರು, ಮಾತ್ರೆ ಅರೆದು ಜೇನಿನಲ್ಲಿ ನೆಕ್ಕಿಸಿದರು, ಆ ದಿನ ಬೇರೆ ಹಳ್ಳಿಗೆ ಹೋಗದೆ ಅಲ್ಲೇ ಕೂತರು. ಕೂಸು ಉಳಿಯಿತು. ಅಂದಿನಿಂದ ಅವ್ವನ ಲೆಕ್ಕದಲ್ಲಿ ಆ ಮಗುವಿನ ಜೀವ ಡಾಕ್ಟರು ಕೊಟ್ಟದ್ದು, ಅವರದ್ದೇ. ಅವರು ಬಂದಾಗಲೆಲ್ಲ ಮುದ್ದೆ, ಹುರುಳಿಕಾಳಿನ ಸಾರು, ಹಸಿ ಈರುಳ್ಳಿ ಇಡುತ್ತಿದ್ದಳು. ಈರುಳ್ಳಿಯನ್ನು ಅವರು ಸೇಬಿನ ಹಣ್ಣು ಕಚ್ಚಿದಂತೆ ಕಚ್ಚುವುದನ್ನು ನೋಡಿ ನಮ್ಮ ಕೇರಿಯೇ ನಗುತ್ತಿತ್ತು.

ಒಂದು ವರ್ಷ ಶ್ರಾವಣ ಮುಗಿಯುವ ಹೊತ್ತಿನಲ್ಲಿ ಅವರು ತಂಗಿಯನ್ನು ನೋಡಲು ಬಂದವರು ಜೀಪಿನಿಂದ ಇಳಿಯುವಾಗಲೇ ತೂರಾಡಿದರು. ಊರಿನವರ ಜ್ವರವೆಲ್ಲ ಇಳಿಸಿದವರಿಗೆ ಅದೇ ಜ್ವರ ಬಂದು ತಲೆಗೆ ಏರಿತ್ತು. ಪಡಸಾಲೆಯಲ್ಲಿ ಹಗ್ಗದ ಮಂಚ ಹಾಕಿ ಮಲಗಿಸಿದೆವು. ನರ್ಸಮ್ಮ ಗೊತ್ತಿದ್ದ ಮದ್ದೆಲ್ಲ ಕೊಟ್ಟಳು. ಅವ್ವ ಒದ್ದೆ ಬಟ್ಟೆ ಹಿಡಿದು ತಲೆಯ ಹತ್ತಿರ ಕೂತಳು. ಮಧ್ಯಾಹ್ನದ ಹೊತ್ತಿಗೆ ಅವರಿಗೆ ನಾವು ಯಾರೆಂದೂ ಗೊತ್ತಾಗಲಿಲ್ಲ. ತಮ್ಮ ಭಾಷೆಯಲ್ಲಿ ಕರೆದರು. ಯಾವ ಭಾಷೆಯಾದರೇನು, ತಾಯಿಯನ್ನು ಕರೆಯುತ್ತಿದ್ದಾರೆ ಅಂತ ತಿಳಿಯದೆ ಇರುತ್ತದೆಯೆ. ಅವ್ವ ಅವರ ಕೈ ಹಿಡಿದುಕೊಂಡು, “ಇಲ್ಲೇ ಇವ್ನಿ ಕಣಪ್ಪ, ಇಲ್ಲೇ ಇವ್ನಿ” ಅಂತ ಓಗೊಡುತ್ತಲೇ ಇದ್ದಳು. ಹೊತ್ತು ಇಳಿಯುವ ಮುಂಚೆ ಹೋದರು. ಜೀಪಿನಲ್ಲೇ ಚಾಮರಾಜನಗರಕ್ಕೆ ಒಯ್ದು ಅಲ್ಲಿನ ಚರ್ಚಿನ ಹಿಂದೆ ಮಣ್ಣು ಮಾಡಿದರು. ದವಾಖಾನೆಗೆ ಬೀಗ ಬಿತ್ತು, ನರ್ಸಮ್ಮ ಅಳುತ್ತ ಘಟ್ಟದ ಕೆಳಗಿನ ತನ್ನ ಊರಿಗೆ ಹೋದಳು.

ಅದಾದ ಮೇಲೆ ನಮ್ಮ ಪಡಸಾಲೆ ನಮ್ಮದಾಗಿ ಉಳಿಯಲಿಲ್ಲ.

ಮೊದಲು ವಾಸನೆ. ದೀಪ ಹಚ್ಚುವ ಹೊತ್ತಿಗೆ ಅಲ್ಲಿ, ಡಾಕ್ಟರು ಗಾಯಕ್ಕೆ ಹಚ್ಚುತ್ತಿದ್ದ ಟಿಂಚರಿನ ವಾಸನೆ ಬರುತ್ತಿತ್ತು. ನೆಲಕ್ಕೆ ಚೆಲ್ಲಿದ್ದಿರಬಹುದು ಅಂತ ಅಪ್ಪ ಸಗಣಿ ಹಾಕಿ ಸಾರಿಸಿದ. ಸಾರಿಸಿದ ಮಾರನೆಯ ಸಂಜೆಯೂ ಬಂತು. ಆಮೇಲೆ ಮಂಚ. ಅದನ್ನು ಎತ್ತಿ ಗೋಡೆಗೆ ಒರಗಿಸಿ ನಿಲ್ಲಿಸಿದ್ದೆವು. ಯಾರೂ ಮುಟ್ಟದಿದ್ದರೂ ಅದರ ಹಗ್ಗ ಭಾರಕ್ಕೆ ಜಗ್ಗಿದಂತೆ ಕಿರುಗುಟ್ಟುತ್ತಿತ್ತು. ಹಗ್ಗ ಹಸಿ ಗಾಳಿಗೆ ಬಿಗಿದುಕೊಳ್ಳುತ್ತದೆ, ಬಿಸಿಲಿಗೆ ಸಡಿಲವಾಗುತ್ತದೆ ಅಂತ ನಾನು ಓದಿದವಳಂತೆ ವಿವರಿಸಿದೆ. ಆದರೆ ಆ ಸದ್ದು ಬಂದಾಗ ಪಡಸಾಲೆ ದಾಟಿ ಹಿತ್ತಲಿಗೆ ಹೋಗುವ ಧೈರ್ಯ ನನಗೂ ಇರಲಿಲ್ಲ. ಹೆದರಿಕೆಯಾಗುತ್ತಿತ್ತು, ಅದನ್ನು ಮುಚ್ಚಿಡುವುದಕ್ಕಾಗಿ ಎಲ್ಲರ ಮೇಲೂ ರೇಗುತ್ತಿದ್ದೆ.

ತಂಗಿಗೆ ಮತ್ತೆ ಚಳಿ ಬಂತು. ಅವ್ವನಿಗೆ ಅದು ಬರೀ ಜ್ವರವಾಗಿ ಕಾಣಲಿಲ್ಲ. “ಪರ್ದೇಸಿ ಜೀವ ಕಣ. ಕರ್ದು ಉಣ್ಣಕ್ಕ ಇಕ್ಕೋರಿಲ್ಲ. ಒಟ್ಟ ಅಸ್ಕಂಡು ನಮ್ ಮನಲೇ ನಿಂತದ. ಇಲ್ಲಿ ಅವ್ರುದು ಅಂತ ಇರೋದು ಈ ಮಗು ಒಂದೇಯ. ಅದ್ನೇ ಕರ್ಕಂಡೋಯ್ತಾರ” ಅಂದಳು. ಆ ಮಾತು ಆಡಿದ ಮೇಲೆ ಅವಳು ಮಗುವನ್ನು ಕೆಳಗೆ ಇಳಿಸಲಿಲ್ಲ. ಸೀರೆಯ ಸೆರಗಿನಿಂದ ಸೊಂಟಕ್ಕೆ ಕಟ್ಟಿಕೊಂಡೇ ನೀರು ಸೇದುವುದು, ಒಲೆ ಉರಿಸುವುದು ಎಲ್ಲ. ಪಕ್ಕದ ಮನೆಯವರು ಶಿವಭಕ್ತರು, ಗುಂಡ್ಲುಪೇಟೆಯಲ್ಲಿ ಧಾನ್ಯದ ಮಂಡಿ ಇದ್ದವರು. ಆ ಮನೆಯ ಅಮ್ಮ ಬಂದು ಬುದ್ಧಿ ಹೇಳಿದರು: “ಸತ್ತೋರು ಶಿವನ ಪಾದ ಸೇರ್ಕತಾರ ಕಣವ್ವ. ನಮ್ಮಲ್ಲಿ ಕರಿಯೋದೂ ಇಲ್ಲ, ಬರೋದೂ ಇಲ್ಲ. ಯಾಕ್ ಇಷ್ಟ್ ಎದುರ್ಕತೀಯ?” ಅವ್ವ ಅವರ ಮುಖ ನೋಡಿ, “ನಿಮ್ಮೋರ್ನ ನಿಮ್ ಶಿವ ಕರ್ಕತಾನ. ಈವಯ್ಯನ್ನ ಯಾರ್ ಕರ್ಕತಾರ ಏಳಿ” ಅಂದಳು. ಆ ಅಮ್ಮ ಎದ್ದು ಹೋದರು.

ದಾರಿ ಒಂದೇ ಇತ್ತು, ಮಾಲಯ ಅಮಾವಾಸ್ಯೆ. ಆ ದಿನ ನಮ್ಮಲ್ಲಿ ಸತ್ತವರಿಗೆ ಎಡೆ ಇಡುತ್ತೇವೆ. ಅವರು ಇಷ್ಟಪಟ್ಟು ತಿನ್ನುತ್ತಿದ್ದುದನ್ನೆಲ್ಲ ಎಲೆಯ ಮೇಲೆ ಬಡಿಸಿ, ಮನೆಯ ಯಜಮಾನ ಅಂಗಳಕ್ಕೆ ಇಳಿದು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೂಗುತ್ತಾನೆ. ಆಮೇಲೆ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲುವುದು. ಅವರು ಬಂದು ಉಂಡು ಹೋಗುವಷ್ಟು ಹೊತ್ತು ಬಿಟ್ಟು, ಬಾಗಿಲು ತಟ್ಟಿ ಒಳಗೆ ಹೋಗುವುದು. ಇದರಲ್ಲಿ ಒಂದು ಕಟ್ಟುನಿಟ್ಟಿದೆ. ಎಷ್ಟು ಎಲೆ ಇಟ್ಟಿದ್ದೀರೋ ಅಷ್ಟೇ ಜನರನ್ನು, ಅವರವರ ಸ್ವಂತ ಹೆಸರಿನಿಂದ ಕೂಗಬೇಕು. ಮನೆತನದ ಹೆಸರು ಹಿಡಿದು ಕೂಗಿದರೆ ಆ ಮನೆಯಲ್ಲಿ ಸತ್ತವರೆಲ್ಲ ಎದ್ದು ಬರುತ್ತಾರೆ, ಅವರಿಗೆಲ್ಲ ಎಲೆ ಇಲ್ಲದಿದ್ದರೆ ಹಸಿದುಕೊಂಡು ಅಲ್ಲೇ ಉಳಿಯುತ್ತಾರೆ ಎಂಬ ಭಯ.

ಡಾಕ್ಟರಿಗೆ ಎಡೆ ಇಡುವುದೆಂದು ತೀರ್ಮಾನವಾಯಿತು. ಆದರೆ ಅವರನ್ನು ಹೇಗೆ ಕೂಗುವುದು? ಬದುಕಿದ್ದಾಗ ಹೇಗೆ ಕರೆದರೂ ನಗುತ್ತ ಬರುತ್ತಿದ್ದವರು, ಈಗಲೂ ಬರುತ್ತಾರೆಯೆ? ನಮ್ಮೂರ ಬಾಯಿಯ ಹೆಸರಿಗೆ ‘ಅಪ್ಪ’ ಸೇರಿಸಿ ಕೂಗೋಣವೆಂದರೆ ಅವ್ವ ಒಪ್ಪಲಿಲ್ಲ, “ಅದು ನಾವ್ ಮಾಡ್ಕಂಡ ಎಸರು” ಅಂದಳು. ಹಾಗಾಗಿ ಅಪ್ಪ ನನ್ನನ್ನು ಕರೆದುಕೊಂಡು ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೊರಟ. ದವಾಖಾನೆಯ ಬೀಗದಕೈ ಇಟ್ಟುಕೊಂಡಿದ್ದ ಗುಮಾಸ್ತ ಬೋರ್ಡು ನೋಡಿ ‘ಜ’ ಹಚ್ಚಿ ಹೇಳಿದ. ಚರ್ಚಿನ ಪಾದ್ರಿ ಮೈಸೂರಿಗೆ ಹೋಗಿದ್ದರು. ಅಲ್ಲಿದ್ದ ತಮಿಳು ಕಾವಲುಗಾರ ನಮ್ಮನ್ನು ಹಿಂದೆ ಕರೆದೊಯ್ದು ತಾನೇ ತೋಡಿದ ಗುಂಡಿಯನ್ನು ತೋರಿಸಿ ‘ಚ’ ಎಂದು ಹೇಳಿ ಎದೆಯ ಮೇಲೆ ಶಿಲುಬೆ ಬರೆದುಕೊಂಡ. ಮಣ್ಣಿನ ಮೇಲೆ ನೆಟ್ಟ ಮರದ ಶಿಲುಬೆಗೆ ಬೋರ್ಡು ಬರೆದವನೇ ಬಣ್ಣ ಹಚ್ಚಿದ್ದನಂತೆ. ಅಲ್ಲಿಯೂ ಬರೆದಿದ್ದುದು ಅದೊಂದೇ ಹೆಸರು. ನಮಗೆ ಇನ್ನೇನು ಸಂಶಯ ಉಳಿಯಬೇಕು?

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಪ್ಪ ಬಾಯೊಳಗೇ ಆ ಹೆಸರನ್ನು ತಿರುಗಿಸಿ ತಿರುಗಿಸಿ ಹೇಳಿಕೊಳ್ಳುತ್ತಿದ್ದ. ಜೀವಮಾನದಲ್ಲಿ ನೇಗಿಲು, ಎತ್ತು, ಈರುಳ್ಳಿ ಮಡಿ ಬಿಟ್ಟು ಬೇರೆ ಗೊತ್ತಿಲ್ಲದ ಮನುಷ್ಯ, ಯಾವುದೋ ದೇಶದ ಒಂದು ಸದ್ದನ್ನು ಹಲ್ಲು ನೋವಿನವರಂತೆ ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸುತ್ತಿದ್ದ. ನನಗೆ ನಗು ಬರಬೇಕಾಗಿತ್ತು, ಅಳು ಬಂತು. ಆಗ ನಾನು, ಡಾಕ್ಟರು ಜಗುಲಿಯ ಮೇಲೆ ನನಗೆ ಕಲಿಸಿದ್ದನ್ನು ಹೇಳಿಕೊಟ್ಟೆ. ಗಂಟಲಿನ ತಳದಿಂದ, ನಾಲಗೆ ಕಚ್ಚಿ. ಅಪ್ಪನಿಗೆ ಬರಲಿಲ್ಲ. “ನೀನೇ ಕೂಗ್ಬುಡು” ಅಂದ. ಹೆಣ್ಣುಮಗಳು ಎಡೆಗೆ ಕೂಗುವುದು ನಮ್ಮ ಮನೆಯಲ್ಲಿ ಅದುವರೆಗೆ ನಡೆದಿರಲಿಲ್ಲ.

ಅಮಾವಾಸ್ಯೆಯ ಮುಸ್ಸಂಜೆ. ನಡುಮನೆಯಲ್ಲಿ ನಮ್ಮ ಹಿರಿಯರ ಎಲೆಗಳು, ಪಡಸಾಲೆಯಲ್ಲಿ ಡಾಕ್ಟರಿಗೆ ಬೇರೆ ಒಂದು ಎಲೆ. ಮುದ್ದೆ, ಹುರುಳಿಕಾಳಿನ ಸಾರು, ಸಿಪ್ಪೆ ಸುಲಿದ ಇಡೀ ಈರುಳ್ಳಿ, ಹಾಲಿಲ್ಲದ ಕಾಫಿ. ಅಪ್ಪ ನಮ್ಮವರನ್ನೆಲ್ಲ ಕೂಗಿ ಮುಗಿಸಿ ನನ್ನ ಕಡೆ ನೋಡಿದ. ನಾನು ಅಂಗಳದ ನಡುವೆ ನಿಂತು ಆ ಹೆಸರನ್ನು ಕೂಗಿದೆ. ಮೊದಲ ಸದ್ದು ಗಂಟಲಿನಿಂದ ಎದ್ದು ಬರುವಾಗ ಅದು ನನ್ನ ದನಿ ಅನ್ನಿಸಲಿಲ್ಲ. ಎದುರಿಗೆ ಅದೇ ಜಗುಲಿ, ಅದೇ ಸದ್ದು; ಹೇಳುವ ಬಾಯಿ ಮಾತ್ರ ಬೇರೆ. ಬಾಗಿಲು ಎಳೆದುಕೊಂಡು ಹೊರಗೆ ನಿಂತೆವು. ಒಳಗೆ ಎಲೆ ಸರಿದ ಸದ್ದು ಕೇಳಿತು. ಅಪ್ಪ ಮೆಲ್ಲಗೆ “ಇಲಿ” ಅಂದ. ನಾನು ಈಗಲೂ ಅದನ್ನು ಇಲಿ ಅಂತಲೇ ಹೇಳುತ್ತೇನೆ.

ವಾಸನೆ ನಿಲ್ಲಲಿಲ್ಲ. ಮಂಚದ ಸದ್ದು ಹೆಚ್ಚಾಯಿತು. ತಂಗಿಯ ಜ್ವರ ಒಂದು ದಿನ ಬಿಟ್ಟು ಒಂದು ದಿನ ಏರತೊಡಗಿತು. ಅಷ್ಟರಲ್ಲಿ ಘಟ್ಟದ ಕೆಳಗಿನಿಂದ ಮರಳಿ ಬಂದ ನರ್ಸಮ್ಮ, ಮಗುವಿಗೆ ಹುಷಾರಿಲ್ಲವೆಂದು ಕೇಳಿ ಮಾತ್ರೆಗಳ ಡಬ್ಬಿ ಹಿಡಿದು ನಮ್ಮೂರಿಗೆ ಬಂದಳು. ಮಗುವಿನ ಕೈ ನೋಡುತ್ತಲೇ ನಮ್ಮ ಎಡೆಯ ಸಮಾಚಾರವನ್ನೆಲ್ಲ ಕೇಳಿದಳು. ನಾವು ಕೂಗಿದ ಹೆಸರು ಕೇಳಿದಾಗ ಅವಳ ಕೈ ನಿಂತಿತು. “ಅಮ್ಮಾ, ಅದು ಡಾಕ್ಟರಿನ ಪೇರು ಅಲ್ಲ. ನಮ್ಮಲ್ಲಿ ವೀಟುಪೇರು ಇದೆಯಲ್ಲ, ಅದು. ಮನೆಯ ಹೆಸರು” ಅಂದಳು.

ಅವಳು ಬಿಡಿಸಿ ಹೇಳಿದ್ದು ಇಷ್ಟು. ಆ ದೇಶದಲ್ಲಿ ಮಕ್ಕಳಿಗೆ ಸ್ವಂತ ಹೆಸರಿನ ಮುಂದೆ ಎರಡು ಮನೆಹೆಸರು ಇರುತ್ತವೆ. ಮೊದಲು ತಂದೆಯ ಮನೆಯದು, ಆಮೇಲೆ ತಾಯಿಯದು. ಡಾಕ್ಟರ ತಂದೆಯ ಮನೆಹೆಸರು ಬೀದಿಗೆ ಹತ್ತು ಜನಕ್ಕೆ ಇರುವಂಥದು, ಅದಕ್ಕೇ ಅವರು ತಾಯಿಯ ಮನೆಹೆಸರನ್ನೇ ಇಟ್ಟುಕೊಂಡು ಓಡಾಡುತ್ತಿದ್ದರು. ಸ್ವಂತ ಹೆಸರನ್ನು ಇಲ್ಲಿ ಯಾರೂ ಕೇಳಲಿಲ್ಲ, ಅವರಾಗಿ ಯಾರಿಗೂ ಹೇಳಲಿಲ್ಲ. ತನಗೂ ಗೊತ್ತಿಲ್ಲ ಅಂದಳು. ಆ ಮನೆಯವರು ಏನಾದರು ಅಂತ ಅವ್ವ ಕೇಳಿದಳು. “ಯಾರೂ ಇಲ್ಲ ಅಂತಿದ್ದರು. ಯುದ್ಧದಲ್ಲಿ ತಾತ, ಮಾವಂದಿರು, ಅವರ ಮಕ್ಕಳು, ಒಂದೇ ಸಲ ನಿಲ್ಲಿಸಿ ಗುಂಡು ಹೊಡೆದರಂತೆ. ಮನೆಯೇ ಮುಗಿಯಿತು ಅಂತಿದ್ದರು.”

ಅವ್ವ, “ಮನೆ ಎಸರ ಕೂಗ್ಬುಟ್ಟೊ. ಒಂದೇ ಒಂದ್ ಎಲೆ ಇಕ್ಕುಬುಟ್ಟೊ” ಅಂದಳು. ಅವಳ ಮುಖದಲ್ಲಿ ನಾನು ಆ ಹೊತ್ತು ಕಂಡದ್ದು ಭಯ ಮಾತ್ರವಲ್ಲ, ನಾಚಿಕೆ. ನೆಂಟರನ್ನು ಕರೆದು ಉಪವಾಸ ಕೂರಿಸಿದ ಗೃಹಿಣಿಯ ನಾಚಿಕೆ. ಅವಳು ಎದ್ದು ಪಡಸಾಲೆಯ ಬಾಗಿಲಿಗೆ ಹೋಗಿ, ಯಾರೂ ಇಲ್ಲದ ಆ ಜಾಗಕ್ಕೆ ಕೈಮುಗಿದು, “ತೆಪ್ಪಾಯ್ತು ಕಣ್ರಪ್ಪ, ಇನ್ನೊಂದ್ ಅಮಾಸೆ ತಡ್ಕಳಿ. ಮಗೀನ್ ಮುಟ್ಬ್ಯಾಡಿ” ಅಂದಳು. ನರ್ಸಮ್ಮ ಕ್ರೈಸ್ತಳು, ಇಂಥದ್ದನ್ನು ಬೈಯಬೇಕಾದವಳು. ಅವಳು ತಲೆ ತಗ್ಗಿಸಿ ಮಾತ್ರೆ ಅರೆಯುತ್ತಿದ್ದಳು.

ಮುಂದಿನ ಅಮಾವಾಸ್ಯೆ ದೀಪಾವಳಿಯದು. ಊರೆಲ್ಲ ಎಣ್ಣೆ ನೀರು ಹಾಕಿಕೊಂಡು ಹಬ್ಬ ಮಾಡುತ್ತಿದ್ದರೆ ನಮ್ಮ ಪಡಸಾಲೆಯಲ್ಲಿ ಈ ಗೋಡೆಯಿಂದ ಆ ಗೋಡೆಯವರೆಗೆ ಬಾಳೆಯೆಲೆ ಹಾಸಿದ್ದೆವು. ಎಷ್ಟು ಜನ ಅಂತ ಗೊತ್ತಿದ್ದರೆ ತಾನೆ ಲೆಕ್ಕ. ತಾತನಿಗೆ, ಮಾವಂದಿರಿಗೆ, ಅವರ ಹೆಂಡಿರು ಮಕ್ಕಳಿಗೆ, ಅಂತ ಅವ್ವ ಹಾಕುತ್ತಲೇ ಹೋದಳು. ಡಾಕ್ಟರ ಎಲೆಯ ಬಲಗಡೆಗೆ ಒಂದು ದೊಡ್ಡ ಎಲೆ ಹಾಕಿ, “ಇದು ಎತ್ತವ್ವಂಗೆ” ಅಂದಳು, ಅವರನ್ನು ಹೆತ್ತ ತಾಯಿಗೆ. ಅದಕ್ಕೆ ಮಾತ್ರ ಮುದ್ದೆಯ ಪಕ್ಕ ಒಂದು ಹಿಡಿ ಹೂವು, ಅರಿಸಿನ, ಒಂದು ರವಿಕೆ ಕಣ ಇಟ್ಟಳು.

ಹೇಗೆ ಕೂಗುವುದು ಎಂಬ ಮಾತು ಮತ್ತೆ ಬಂತು. ಆ ಮನೆಯವರು ತಮ್ಮ ಹೆಸರನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಿದ್ದರಲ್ಲ. “ಯಾರ್ ಯಾವ್ ಸದ್ದಿಗ ಓಗೊಡ್ತಾರೋ ನಮ್ಗೇನ್ ಗೊತ್ತು? ಎಲ್ರೂ ಕೂಗನ” ಅಂದಳು ಅವ್ವ. ಹಾಗೆ ಕೂಗಿದೆವು. ಅಪ್ಪ ‘ಜ’ ಹಚ್ಚಿ ಪಟ್ಟಣದವರಂತೆ ಕೂಗಿದ. ಮಗುವಿಗೆ ಮಾತ್ರೆ ಕೊಡಲು ಬಂದಿದ್ದ ನರ್ಸಮ್ಮ ಬೇಡ ಬೇಡ ಅನ್ನುತ್ತಲೇ ಬೇಲಿಯ ಹತ್ತಿರ ನಿಂತು ತನ್ನ ‘ಹ’, ತನ್ನ ‘ಸ್’ ಹಾಕಿ ಮೆಲ್ಲಗೆ ಕರೆದಳು. ನಾನು ಗಂಟಲು ಕೆರೆದು ನಾಲಗೆ ಕಚ್ಚಿ ಕೂಗಿದೆ. ಕೊನೆಗೆ ಅವ್ವ, ತಂಗಿಯನ್ನು ಸೊಂಟದಲ್ಲಿಟ್ಟುಕೊಂಡು, ಡಾಕ್ಟರ ಅವ್ವ ಹೇಗೆ ಹೇಳುತ್ತಿದ್ದಳೆಂದು ನನ್ನನ್ನು ಕೇಳಿ ಕಲಿತುಕೊಂಡಿದ್ದ ಹಾಗೆ, ಮೊದಲಲ್ಲಿ ಒಂದಿಷ್ಟು ಉಸಿರು, ಕೊನೆಯಲ್ಲಿ ಏನೂ ಇಲ್ಲದೆ ಕೂಗಿದಳು. ‘ಹ’ ಬಾರದ ನನ್ನ ಅವ್ವನ ಬಾಯಲ್ಲಿ ಆ ಉಸಿರು ಅದೊಂದು ಸಲ ಬಂತು. ಕತ್ತಲಾಗುತ್ತಿದ್ದ ಅಂಗಳದಲ್ಲಿ ಅದು ಕೂಗಿನ ಹಾಗಿರಲಿಲ್ಲ, ಯಾರನ್ನೋ ಎಬ್ಬಿಸುವ ಹಾಗಿತ್ತು.

ಆ ವಾರದಿಂದ ತಂಗಿಯ ಜ್ವರ ಬಿಟ್ಟಿತು. ನರ್ಸಮ್ಮನ ಮಾತ್ರೆಯಿಂದ ಬಿಟ್ಟಿತು ಅಂತ ನಾನು ಆಗಲೂ ಅಂದೆ, ಈಗಲೂ ಅನ್ನುತ್ತೇನೆ. ಪಡಸಾಲೆಯ ವಾಸನೆ ಹೋದದ್ದಕ್ಕೆ ಮಾತ್ರ ನನ್ನ ಹತ್ತಿರ ಕಾರಣವಿಲ್ಲ. ಮಂಚವನ್ನು ಮತ್ತೆ ಹಾಕಿದೆವು, ಅಪ್ಪ ಅದರ ಮೇಲೆ ಮಲಗತೊಡಗಿದ. ಅವ್ವ ಮಗುವನ್ನು ಸೊಂಟದಿಂದ ಬಿಚ್ಚಿ ನೆಲಕ್ಕೆ ಬಿಟ್ಟಳು. ಅದು ಗೋಡೆ ಹಿಡಿದು ನಡೆಯಿತು. ಮನೆಯಲ್ಲಿ ಮತ್ತೆ ಜೋರಾಗಿ ಮಾತು, ಬೈಗುಳ ಎಲ್ಲ ಶುರುವಾದವು.

ಮಾರನೆಯ ಮಳೆಗಾಲಕ್ಕೆ ನರ್ಸಮ್ಮ ಇನ್ನೊಮ್ಮೆ ಬಂದಳು. ಚರ್ಚಿನ ಪಾದ್ರಿಗೆ ಸ್ಪೇನಿನಿಂದ ಸಮಾಚಾರ ಬಂದಿತ್ತಂತೆ. ಹೇಳಲೋ ಬೇಡವೋ ಅಂತ ಅನುಮಾನಿಸುತ್ತಲೇ ಹೇಳಿದಳು. ಡಾಕ್ಟರು ಹೋದಾಗ ಅವರ ತಾಯಿ ಬದುಕಿದ್ದಳು. ಮಗನ ಕಾಗದ ಬಂದರೆ ಅಲ್ಲಿನ ಪೊಲೀಸರು ಅವಳನ್ನು ಹಿಂಸಿಸುತ್ತಾರೆಂದು ಇವರು ಬರೆಯುವುದನ್ನೇ ಬಿಟ್ಟಿದ್ದರು. ಕೇಳಿದವರಿಗೆಲ್ಲ ಯಾರೂ ಇಲ್ಲ ಅಂದಿದ್ದರು. ಆ ಮುದುಕಿ ಹಳ್ಳಿಯ ಮನೆಯಲ್ಲಿ ಒಬ್ಬಳೇ ಇದ್ದಳಂತೆ. ಮಗ ಹೋದ ಸುದ್ದಿ ಪಾದ್ರಿಗಳ ಮೂಲಕ ತಡವಾಗಿ ಮುಟ್ಟಿ ಹಾಸಿಗೆ ಹಿಡಿದವಳು ಮತ್ತೆ ಏಳದೆ ತೀರಿಹೋದಳು. ಯಾವಾಗ ಅಂತ ಅಪ್ಪ ಕೇಳಿದ. ನರ್ಸಮ್ಮ ನೆಲ ನೋಡುತ್ತ, “ನಮ್ಮ ದೀಪಾವಳಿಯ ಸಮಯಕ್ಕೆ” ಅಂದಳು.

ಬದುಕಿರುವವರಿಗೆ ಎಡೆ ಇಡುವುದಕ್ಕಿಂತ ದೊಡ್ಡ ಕೇಡು ನಮ್ಮಲ್ಲಿಲ್ಲ. ಶತ್ರುವಿಗೂ ಮಾಡುವುದಿಲ್ಲ. “ಮಗ ಸತ್ತ ಸುದ್ದಿ ಕೇಳಿ ಎದೆ ಒಡೆದು ಹೋದಳು ಅವ್ವ, ನೀನ್ಯಾಕೆ ತಲೆಗೆ ಹಚ್ಚಿಕೊಳ್ತೀಯ?” ಅಂತ ನಾನು ಹೇಳಿದೆ. ನಾನು ಹೇಳಿದ್ದು ನಿಜ. ಅವ್ವ ಕೇಳಿಸಿಕೊಳ್ಳಲಿಲ್ಲ. “ಮಗ ಕರ್ದಾಗ ಅವಳ ಬದ್ಲು ನಾನ್ ಓಗೊಟ್ಟಿ. ಆಮೇಲ ಅವಳ್ನೂ ನಾನೇ ಕೂಗ್ಬುಟ್ಟಿ” ಅಂದಳು. ಎದ್ದು ಬಾವಿಯ ಹತ್ತಿರ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡು ಬಂದು, ಒಲೆ ಆರಿಸಿದಳು. ಸ್ವಂತ ಮನೆಯಲ್ಲಿ ಸಾವಾದರೆ ಹಿಡಿಯುವ ಸೂತಕವನ್ನು, ಮುಖ ಕಾಣದ ಆ ಮುದುಕಿಗೆ, ಒಂದು ಶಾಸ್ತ್ರ ಬಿಡದೆ ಹಿಡಿದಳು. ಪಕ್ಕದ ಮನೆಯ ಅಮ್ಮ ನಮಗೆ ಅಡುಗೆ ಮಾಡಿ ತಂದುಕೊಟ್ಟರು, ಏನೂ ಕೇಳಲಿಲ್ಲ. ತಂಗಿ ಆಡುತ್ತ ಆಡುತ್ತ ಅವ್ವನ ತೊಡೆ ಏರಿದರೆ ಅವ್ವ ಅದನ್ನು ನೋಡಿ ನೋಡಿ ಅಳುತ್ತಿದ್ದಳು. ಮಗು ಉಳಿದ ಸಂತೋಷವನ್ನು ಅವಳು ಆಮೇಲೆ ಯಾವತ್ತೂ ಪೂರ್ತಿಯಾಗಿ ಪಡಲಿಲ್ಲ. ನನಗೆ ಅದನ್ನು ನೆನೆದರೆ ಇವತ್ತಿಗೂ ಕೋಪ ಬರುತ್ತದೆ, ಯಾರ ಮೇಲೆ ಅಂತ ಗೊತ್ತಿಲ್ಲ.

ಆ ವರ್ಷದ ಮಾಲಯ ಅಮಾವಾಸ್ಯೆಗೆ ಅವ್ವ ನಮ್ಮ ಹಿರಿಯರಿಗೆ ನಡುಮನೆಯಲ್ಲಿ ಎಡೆ ಇಟ್ಟಳು, ಡಾಕ್ಟರ ಮನೆಯವರಿಗೆ ಪಡಸಾಲೆಯಲ್ಲಿ ಇಟ್ಟಳು. ಅಪ್ಪ ಅಂಗಳಕ್ಕೆ ಇಳಿದು ನಮ್ಮವರನ್ನೆಲ್ಲ ಹೆಸರು ಹಿಡಿದು ಕೂಗಿದ. ಆಮೇಲೆ ಪಡಸಾಲೆಯ ಕಡೆಗೆ ತಿರುಗಿ ಬಾಯಿ ತೆರೆದ. ಅವ್ವ ಓಡಿ ಬಂದು, ಬೀದಿಯವರು ನೋಡುತ್ತಿದ್ದಾರೆ ಎಂಬುದನ್ನೂ ಮರೆತು, ಅಪ್ಪನ ಬಾಯಿಯನ್ನು ಅಂಗೈಯಿಂದ ಮುಚ್ಚಿದಳು.

“ಕೂಗ್ಬ್ಯಾಡ” ಅಂದಳು. “ಇನ್ನೂ ಯಾರಾರ ಬದ್ಕಿದ್ರ?”

ಅಪ್ಪ ತಲೆಯಾಡಿಸಿದ. ಅವಳು ಕೈ ತೆಗೆದಳು. ಬಾಗಿಲು ಎಳೆದುಕೊಂಡು ನಾವೆಲ್ಲ ಅಂಗಳದಲ್ಲಿ ನಿಂತೆವು. ಒಳಗೆ, ಯಾರನ್ನೂ ಕರೆಯದೆ ಬಡಿಸಿದ ಎಲೆಗಳ ಮೇಲೆ ಮುದ್ದೆ ಆರುತ್ತಿತ್ತು.